ಕಾರ್ಡ್‌ಲೆಸ್ ಕೈಮೈಕ್

ಮಾತುಗಾರನ ಅಥವಾ ಹಾಡುಗಾರನ ಧ್ವನಿಯನ್ನು ತಂತಿಯಿಲ್ಲದೆ ಧ್ವನಿವರ್ಧಕಕ್ಕೆ ಮುಟ್ಟಿಸುವ, ಕೈಯಲ್ಲಿ ಹಿಡಿದು ಬಳಸುವ ಮೈಕ್. ಧ್ವನಿಯನ್ನು ವಿದ್ಯುತ್ತಾಗಿಸುವ ಗ್ರಾಹಕ, ಅದನ್ನು ರೇಡಿಯೊ ತರಂಗಕ್ಕೇರಿಸುವ ಪ್ರೇಷಕ, ಏರಿಯಲ್ ಮತ್ತು ಸೆಲ್ಲು, ಈ ನಾಲ್ಕೂ ಒಂದೇ ಹಿಡಿಯೊಳಗೆ ಅಡಗಿರುತ್ತವೆ. ವೇದಿಕೆಯ ಬದಿಯಲ್ಲಿ ಇಟ್ಟ ರಿಸೀವರ್ ಆ ತರಂಗವನ್ನು ಹಿಡಿದು ಮತ್ತೆ ಧ್ವನಿಯ ಸಂಕೇತವಾಗಿಸಿ ಮಿಕ್ಸರ್‌ಗೆ ಕೊಡುತ್ತದೆ. ಪುಸ್ತಕಗಳಲ್ಲಿ ಇದರ ಹೆಸರು ನಿಸ್ತಂತು ಧ್ವನಿಗ್ರಾಹಕ. ಮೈಕ್‌ಸೆಟ್ಟಿನವರ ಬಾಯಲ್ಲಿ ಬರೀ ಕಾರ್ಡ್‌ಲೆಸ್.

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ನಿಲಯ ತೆರೆದರು. ಅವರಿಗೆ ಬೇಕಾಗಿದ್ದ ಮುಖ್ಯ ಅಂಗಗಳೆಲ್ಲ ಇಂದಿನ ಕಾರ್ಡ್‌ಲೆಸ್ ಮೈಕಿನೊಳಗೂ ಇವೆ. ಶಕ್ತಿ ಮಾತ್ರ ಅತಿ ಕಡಿಮೆ, ಸಾಮಾನ್ಯವಾಗಿ 10ರಿಂದ 50 ಮಿಲಿವಾಟ್. ಇದನ್ನು ಬಳಸುವವನು ತನಗೆ ತಿಳಿಯದೆಯೇ ಒಂದು ಪುಟ್ಟ ನಿಲಯ ನಡೆಸುತ್ತಿರುತ್ತಾನೆ. ಹಾಗಾಗಿ ಅವನ ಮುಂದೆ ಎರಡು ದಾರಿಗಳಿವೆ. ಬಾಯಿಯಿಂದ ಸ್ಪೀಕರ್‌ವರೆಗಿನದು ಧ್ವನಿಯ ದಾರಿ, ಮೈಕಿನ ಏರಿಯಲ್‌ನಿಂದ ರಿಸೀವರ್‌ನ ಏರಿಯಲ್‌ವರೆಗಿನದು ರೇಡಿಯೊ ದಾರಿ. ತೊಂದರೆ ಯಾವ ದಾರಿಯದು ಎಂದು ತಿಳಿಯದೆ ಕೈಗೆ ಸಿಕ್ಕ ಗುಬ್ಬಿ ತಿರುಗಿಸುವುದರಿಂದಲೇ ಸಭೆಗಳಲ್ಲಿ ಅರ್ಧ ರಗಳೆ ಹುಟ್ಟುತ್ತದೆ. ರೇಡಿಯೊ ಕಡಿದುಹೋಗುತ್ತಿದ್ದರೆ ವಾಲ್ಯೂಮ್ ಏರಿಸುವುದು, ಸ್ಪೀಕರ್ ಕೂಗುತ್ತಿದ್ದರೆ ಚಾನೆಲ್ ಬದಲಿಸುವುದು ನಿತ್ಯ ಕಾಣುವ ದೃಶ್ಯ.

ಇತಿಹಾಸ

ತಂತಿಯಿಲ್ಲದ ಮೈಕ್ ಮೊದಲು ಕೈಗೆ ಬರಲಿಲ್ಲ, ಮೈಗೆ ಬಂತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1949ರಲ್ಲಿ ನಡೆದ ಅಲ್ಲಾದ್ದೀನ್ ಎಂಬ ಹಿಮಜಾರು ಪ್ರದರ್ಶನಕ್ಕಾಗಿ ರೆಗ್ ಮೂರ್ಸ್ ಎಂಬಾತ ಉಡುಪಿನೊಳಗೆ ಬಚ್ಚಿಡುವ ರೇಡಿಯೊ ಮೈಕ್ ತಯಾರಿಸಿದ್ದ. ಅದು ಕೆಲಸ ಮಾಡಿತು. ಆದರೆ ಆತ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಏಕೆಂದರೆ ಬಳಸಿದ್ದ 76 ಮೆಗಾಹರ್ಟ್ಸ್ ತರಂಗಕ್ಕೆ ಅವನಲ್ಲಿ ಪರವಾನಗಿ ಇರಲಿಲ್ಲ. ಅನುಮತಿಯಿಲ್ಲದೆ ಬಾನಿಗೆ ಬಿಡುವ ಈ ಚಾಳಿ ಕಾರ್ಡ್‌ಲೆಸ್ ಮೈಕಿನ ಹುಟ್ಟುಗುಣವೆಂದೇ ಹೇಳಬೇಕು. ಇಂದಿಗೂ ಮಾರುಕಟ್ಟೆಯಿಂದ ಅದು ಹೋಗಿಲ್ಲ.

ಅಮೆರಿಕದ ಶ್ಯೂರ್ ಕಂಪನಿ 1953ರಲ್ಲಿ ಕಲಾವಿದರಿಗಾಗಿ ವ್ಯಾಗಬಾಂಡ್ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಹೆಸರು ಅಲೆಮಾರಿ ಎಂದಿದ್ದರೂ ಅದು ಅಲೆದಾಡಬಹುದಾಗಿದ್ದ ಜಾಗ ಸುಮಾರು 700 ಚದರ ಅಡಿ, ಅಂದರೆ ರಿಸೀವರ್‌ನಿಂದ 15 ಅಡಿಯಷ್ಟು ಆಚೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಅಲ್ಲಿನ ಎನ್‌ಡಿಆರ್ ಪ್ರಸಾರ ಸಂಸ್ಥೆಯ ಜೊತೆಗೂಡಿ ರೂಪಿಸಿದ ಮೈಕ್ರೋಪೋರ್ಟ್ 1958ರಿಂದ ಮಾರಾಟಕ್ಕೆ ಬಂತು. 37 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಅದಕ್ಕೆ 300 ಅಡಿ ವ್ಯಾಪ್ತಿ ಹೇಳಲಾಗಿತ್ತು. 1964ರ ಮೈ ಫೇರ್ ಲೇಡಿ ಚಲನಚಿತ್ರದಲ್ಲಿ ನಟ ರೆಕ್ಸ್ ಹ್ಯಾರಿಸನ್ ತಾನು ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲಾರೆ ಎಂದು ಹಟ ಹಿಡಿದ. ಅವನ ಟೈಯೊಳಗೆ ನಿಸ್ತಂತು ಮೈಕ್ ಅಡಗಿಸಿ ಚಿತ್ರೀಕರಣದ ಹೊತ್ತಿನಲ್ಲೇ ಧ್ವನಿ ಹಿಡಿಯಲಾಯಿತು.

ಇಷ್ಟಾದರೂ ಗಾಯಕರು ಇದನ್ನು ನಂಬಲಿಲ್ಲ. ಹಿನ್ನೆಲೆಯಲ್ಲಿ ಸದಾ ಒಂದು ಸುಯ್ಯೆನ್ನುವ ಸದ್ದು ಇರುತ್ತಿತ್ತು. ಅದನ್ನು ಅಡಗಿಸಿದ್ದು ಕಂಪ್ಯಾಂಡರ್ ಎಂಬ ಏರ್ಪಾಡು. ನೇಡಿ ಸಿಸ್ಟಮ್ಸ್ 1976ರಲ್ಲಿ ಅದನ್ನು ನಿಸ್ತಂತು ಮೈಕಿಗೆ ಅಳವಡಿಸಿದ ಮೇಲೆ ರಾಕ್ ಸಂಗೀತದ ವೇದಿಕೆಗಳಿಗೆ ಕಾರ್ಡ್‌ಲೆಸ್ ಏರಿತು. ಗಾಯಕರ ಕೈಯಲ್ಲಿ ಕಾಣುವ, ಗುಂಡು ಜಾಲರಿ ತಲೆಯ ಇಂದಿನ ಆಕಾರ ಮಾತ್ರ ತಂತಿ ಮೈಕಿನದೇ ಬಳುವಳಿ. 1966ರಲ್ಲಿ ಬಂದ ಶ್ಯೂರ್ ಎಸ್‌ಎಂ58ರ ತಲೆಯನ್ನೇ ಪ್ರೇಷಕದ ಮೇಲೆ ಕೂರಿಸಿದ ಮಾದರಿಗಳು ಈಗಲೂ ಮಾರಾಟವಾಗುತ್ತಿವೆ.

ಕರ್ನಾಟಕದಲ್ಲಿ ಇದರ ಹರವು ಏಕಪ್ರಕಾರವಾಗಿಲ್ಲ. ಆರ್ಕೆಸ್ಟ್ರಾ, ನಿರೂಪಣೆ, ಶಾಲಾ ವಾರ್ಷಿಕೋತ್ಸವ, ಗ್ರಾಮಸಭೆ, ಗಣೇಶೋತ್ಸವದ ಪೆಂಡಾಲ್‌ಗಳಲ್ಲಿ ಕೈಮೈಕೇ ರಾಜ. ಗ್ರಾಮಸಭೆಯಲ್ಲಿ ಅದು ಕೈಯಿಂದ ಕೈಗೆ ಸಾಗುತ್ತದೆ, ಯಾರ ಕೈಗೆ ಹೋಯಿತೋ ಅವರಿಗೆ ಮಾತಿನ ಸರದಿ. ಯಕ್ಷಗಾನದ ವೇಷಧಾರಿಗೆ ಮಾತ್ರ ಇದು ಬೇಡ. ಅವನ ಎರಡೂ ಕೈ ಅಭಿನಯಕ್ಕೆ ಮೀಸಲು. ಅದಕ್ಕೇ ಅಲ್ಲಿ ರಂಗಸ್ಥಳದ ಮೇಲೆ ತೂಗುಬಿಟ್ಟ ಮೈಕು. ಹರಿಕಥೆ ದಾಸರ ಒಂದು ಕೈಯಲ್ಲಿ ಚಿಟಿಕೆ, ಇನ್ನೊಂದು ಕೈಯಲ್ಲಿ ಕಥೆ. ಅವರಿಗೂ ಸ್ಟ್ಯಾಂಡ್ ಅಥವಾ ಕಾಲರ್ ಮೈಕೇ ಅನುಕೂಲ.

ಒಳರಚನೆ

ಜಾಲರಿಯ ಹಿಂದೆ ಇರುವುದು ಕ್ಯಾಪ್ಸೂಲ್. ಸಾಮಾನ್ಯ ಬಳಕೆಯ ಕೈಮೈಕುಗಳಲ್ಲಿ ಇದು ಡೈನಮಿಕ್ ಬಗೆಯದು. ತೆಳು ಪೊರೆ, ಪೊರೆಗೆ ಅಂಟಿದ ತಂತಿಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಧ್ವನಿ ತಾಗಿ ಪೊರೆ ನಡುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹೆಚ್ಚಿನವು ಕಾರ್ಡಿಯಾಯ್ಡ್, ಅಂದರೆ ಮುಂದಿನ ಧ್ವನಿಗೆ ಕಿವಿಗೊಟ್ಟು ಹಿಂದಿನದನ್ನು ಬಹುಪಾಲು ತಳ್ಳಿಹಾಕುವ ಬಗೆ. ಈ ಗುಣ ಬರುವುದು ಕ್ಯಾಪ್ಸೂಲಿನ ಬೆನ್ನಿಗಿರುವ ಸಣ್ಣ ಗಾಳಿಕಂಡಿಗಳಿಂದ. ಹಿಂದಿನಿಂದ ಬಂದ ಧ್ವನಿ ಕಂಡಿಯ ಮೂಲಕವೂ ಸುತ್ತುಬಳಸಿಯೂ ಪೊರೆಯ ಎರಡು ಮಗ್ಗುಲನ್ನು ಒಟ್ಟಿಗೆ ತಲುಪಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮೈಕನ್ನು ಹಿಡಿಯುವ ಬಗೆಗೂ ಇದಕ್ಕೂ ಇರುವ ನಂಟು ಮುಂದೆ ಬರುತ್ತದೆ.

ಕ್ಯಾಪ್ಸೂಲಿನ ಸಂಕೇತ ವರ್ಧಕದಲ್ಲಿ ಬಲಗೊಂಡು ಕಂಪ್ಯಾಂಡರ್‌ಗೆ ಹೋಗುತ್ತದೆ. ಪಿಸುಮಾತಿಗೂ ಕೂಗಿಗೂ ನಡುವಿನ ಅಂತರ 80 ಡೆಸಿಬೆಲ್ ಇದ್ದರೆ ಪ್ರೇಷಕದ ಕಡೆ ಅದನ್ನು 40ಕ್ಕೆ ಕುಗ್ಗಿಸಿ ಕಳಿಸುವುದು, ರಿಸೀವರ್‌ನಲ್ಲಿ ಮತ್ತೆ 80ಕ್ಕೆ ಹಿಗ್ಗಿಸುವುದು ಇದರ ಕೆಲಸ. ಹಿಗ್ಗಿಸುವಾಗ ದಾರಿಯಲ್ಲಿ ಸೇರಿಕೊಂಡ ಸುಯ್ಯೆನ್ನುವ ಸದ್ದು ಕೆಳಗೆ ಮುಳುಗಿಹೋಗುತ್ತದೆ. ಅಗ್ಗದ ಮೈಕುಗಳಲ್ಲಿ ಈ ಕುಗ್ಗು ಹಿಗ್ಗು ಸರಿಹೊಂದದೆ, ಮಾತಿನ ಕೊನೆಯಲ್ಲಿ ಉಸಿರೆಳೆದಂಥ ಸದ್ದು ಬಾಲದಂತೆ ಹಿಂಬಾಲಿಸುವುದುಂಟು. ಬಳಿಕ ಎಫ್‌ಎಂ ವಿಧಾನದಲ್ಲಿ ಧ್ವನಿಯನ್ನು ತರಂಗಕ್ಕೇರಿಸಿ ಏರಿಯಲ್‌ಗೆ ಬಿಡುತ್ತಾರೆ. ಡಿಜಿಟಲ್ ಮಾದರಿಗಳಲ್ಲಿ ಕಂಪ್ಯಾಂಡರ್ ಇರಬೇಕಿಲ್ಲ. ಧ್ವನಿ ಅಂಕಿಗಳಾಗಿ ಹೋಗಿ ಅಂಕಿಗಳಾಗಿಯೇ ಬರುತ್ತದೆ. ಇದಕ್ಕೆ ತಗಲುವ ತಡ ಕೆಲವೇ ಮಿಲಿಸೆಕೆಂಡು. ಮೂರು ಮಿಲಿಸೆಕೆಂಡಿನಲ್ಲಿ ಧ್ವನಿ ಗಾಳಿಯಲ್ಲಿ ಸಾಗುವ ದೂರ ಸುಮಾರು ಒಂದು ಮೀಟರ್, ಹಾಗಾಗಿ ಭಾಷಣಕಾರನಿಗೆ ಅದು ಲೆಕ್ಕಕ್ಕಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಕೆಟ್ಟಾಗ. ಎಫ್‌ಎಂ ಮೈಕ್ ವ್ಯಾಪ್ತಿ ಮುಗಿಯುವ ಮೊದಲು ಗೊರಗೊರ ಎಂದು ಮುನ್ಸೂಚನೆ ಕೊಡುತ್ತದೆ. ಡಿಜಿಟಲ್ ಮೈಕ್ ಕೊನೆಯ ಹೆಜ್ಜೆಯವರೆಗೂ ಚೆನ್ನಾಗಿದ್ದು ಥಟ್ಟನೆ ಬಾಯಿ ಮುಚ್ಚುತ್ತದೆ.

ಏರಿಯಲ್ ಇರುವುದು ಮೈಕಿನ ಬುಡದಲ್ಲಿ. ಕೆಲವಕ್ಕೆ ಬಾಲದಂತೆ ಹೊರಚಾಚಿರುತ್ತದೆ, ಹೆಚ್ಚಿನವಕ್ಕೆ ಹಿಡಿಯ ತುದಿಯಲ್ಲೇ ಅಡಗಿರುತ್ತದೆ. ಕಾಲು ತರಂಗದಷ್ಟು ಉದ್ದದ ಏರಿಯಲ್ ಚೆನ್ನಾಗಿ ಕೆಲಸ ಮಾಡುತ್ತದೆ. 200 ಮೆಗಾಹರ್ಟ್ಸ್‌ನ ಮೈಕಿಗೆ ಅದು 37.5 ಸೆಂಟಿಮೀಟರ್ ಆಗಬೇಕು, 600 ಮೆಗಾಹರ್ಟ್ಸ್‌ನದಕ್ಕೆ 12.5 ಸಾಕು. ಮೊದಲ ಬಗೆಯ, ಅಂದರೆ ವಿಎಚ್‌ಎಫ್ ಮೈಕುಗಳು ಹಿಂದೆ ಸರಿದು ಎರಡನೆಯ ಬಗೆಯ, ಅಂದರೆ ಯುಎಚ್‌ಎಫ್‌ನವು ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ. ಮನುಷ್ಯನ ಕೈ ನೀರಿನ ಚೀಲವಿದ್ದಂತೆ, ರೇಡಿಯೊ ತರಂಗವನ್ನು ಹೀರಿಕೊಳ್ಳುತ್ತದೆ. ಬುಡವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ವ್ಯಾಪ್ತಿ ಗಮನಿಸುವಷ್ಟು ಕುಗ್ಗುತ್ತದೆ.

ರಿಸೀವರ್‌ಗೆ ಸಾಮಾನ್ಯವಾಗಿ ಎರಡು ಏರಿಯಲ್. ಗೋಡೆ, ಛಾವಣಿಯ ತಗಡು, ಕಬ್ಬಿಣದ ತೊಲೆಗಳಿಗೆ ಬಡಿದು ಬಂದ ತರಂಗ ನೇರ ಬಂದ ತರಂಗಕ್ಕೆ ಎದುರಾಗಿ ನಿಂತು ಕೆಲವು ಜಾಗಗಳಲ್ಲಿ ಸಂಕೇತವೇ ಸತ್ತುಹೋಗುತ್ತದೆ. ಒಂದು ಏರಿಯಲ್ ಇರುವ ಕಡೆ ಅದು ಸತ್ತರೂ ಗೇಣಿನಾಚೆ ಇರುವ ಇನ್ನೊಂದರ ಬಳಿ ಜೀವಂತವಿರುತ್ತದೆ. ಡೈವರ್ಸಿಟಿ ಎಂಬ ಏರ್ಪಾಡು ಆ ಕ್ಷಣಕ್ಕೆ ಯಾವುದು ಬಲವಾಗಿದೆಯೋ ಅದನ್ನು ಆರಿಸಿಕೊಳ್ಳುತ್ತದೆ. ಎರಡು ಕಡ್ಡಿ ಚುಚ್ಚಿದ ಮಾತ್ರಕ್ಕೆ ಡೈವರ್ಸಿಟಿ ಆಗದು. ಅಗ್ಗದ ಕೆಲವು ಡಬ್ಬಿಗಳಲ್ಲಿ ಎರಡು ಕಡ್ಡಿಗಳು ಎರಡು ಬೇರೆ ಮೈಕುಗಳಿಗೆ ಸೇರಿರುತ್ತವೆ. ಮುಂಭಾಗದಲ್ಲಿ ಎ ಮತ್ತು ಬಿ ಎಂಬ ದೀಪಗಳು ಒಂದೇ ಮೈಕಿಗೆ ಸರದಿಯಲ್ಲಿ ಮಿನುಗಿದರೆ ಅದು ನಿಜವಾದ ಡೈವರ್ಸಿಟಿ ಎಂದು ತಿಳಿಯಬಹುದು. ಇದರ ಜೊತೆಗೆ ಸ್ಕ್ವೆಲ್ಚ್ ಎಂಬ ಕಾವಲುಗಾರನಿದ್ದಾನೆ. ಸಂಕೇತ ದುರ್ಬಲವಾದೊಡನೆ ಧ್ವನಿಯ ಬಾಗಿಲು ಮುಚ್ಚಿ, ಕಿವಿಗಡಚಿಕ್ಕುವ ಗೊರಗೊರವನ್ನು ತಡೆಯುತ್ತಾನೆ. ಈಚಿನ ಮೈಕುಗಳು ಧ್ವನಿಯ ಜೊತೆಗೆ ಕಿವಿಗೆ ಕೇಳದ ಎತ್ತರದ ಗುರುತಿನ ಸ್ವರವೊಂದನ್ನೂ ಕಳಿಸುತ್ತವೆ. ಅದು ಕೇಳಿದರೆ ಮಾತ್ರ ರಿಸೀವರ್ ಬಾಗಿಲು ತೆರೆಯುತ್ತದೆ.

ಫ್ರೀಕ್ವೆನ್ಸಿಯ ಆಯ್ಕೆ

ಎರಡು ಕಲ್ಯಾಣಮಂಟಪಗಳು ಅಕ್ಕಪಕ್ಕದಲ್ಲಿವೆ, ಎರಡೂ ಕಡೆ ಒಂದೇ ಅಂಗಡಿಯಿಂದ ತಂದ ಒಂದೇ ಮಾದರಿಯ ಮೈಕು. ಈ ಮದುವೆಯ ಆರ್ಕೆಸ್ಟ್ರಾ ನಡುವೆ ಆ ಮದುವೆಯ ಪುರೋಹಿತರು ಮಾಂಗಲ್ಯಂ ತಂತುನಾನೇನ ಎನ್ನತೊಡಗುತ್ತಾರೆ. ಧ್ವನಿವರ್ಧಕದವರಿಗೆ ಇದು ಹೊಸ ಕಥೆಯಲ್ಲ. ಎಫ್‌ಎಂ ರಿಸೀವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಬಂದ ಎರಡರಲ್ಲಿ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಫ್ರೀಕ್ವೆನ್ಸಿ ಬದಲಿಸಲಾಗದ ಅಗ್ಗದ ಮೈಕಿನಲ್ಲಿ ಇದರಿಂದ ಪಾರಾಗುವ ದಾರಿಯಿಲ್ಲ.

ಭಾರತದಲ್ಲಿ ನಿಸ್ತಂತು ಉಪಕರಣಗಳು 1933ರ ಕಾಯ್ದೆಯ ಕಾಲದಿಂದಲೂ ಪರವಾನಗಿಯ ಕಟ್ಟಿಗೊಳಪಟ್ಟಿವೆ. ಯಾವ ತರಂಗ ಯಾರಿಗೆ ಎಂಬುದನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. 2005ರಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮತ್ತು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಕಿಲ್ಲ. ಉಪಕರಣ ಮಾತ್ರ ಅನುಮೋದಿತ ಬಗೆಯದಾಗಿರಬೇಕು. ಈ ಎರಡರಲ್ಲೂ ತೊಡಕಿದೆ. 865ರ ಪಟ್ಟಿಯ ಅಗಲ 2021ರವರೆಗೆ ಬರೀ 2 ಮೆಗಾಹರ್ಟ್ಸ್ ಇತ್ತು. ಒಂದು ಎಫ್‌ಎಂ ಮೈಕಿಗೆ ಸುಮಾರು 200 ಕಿಲೋಹರ್ಟ್ಸ್ ಎಂದರೂ ಅಷ್ಟರಲ್ಲಿ ಲೆಕ್ಕಕ್ಕೆ ಹತ್ತು, ಬಳಕೆಗೆ ಅದರಲ್ಲಿ ಅರ್ಧ ದಕ್ಕುವುದೂ ಕಷ್ಟವಿತ್ತು. ಸಾಲದ್ದಕ್ಕೆ 869ರಿಂದ ಮೊಬೈಲ್ ಗೋಪುರಗಳ ಪ್ರಸಾರ ಶುರುವಾಗುತ್ತದೆ. ಮಂಟಪದ ಮಾಳಿಗೆಯ ಮೇಲೆಯೇ ಗೋಪುರವಿದ್ದರೆ ರಿಸೀವರ್ ಬೆದರುತ್ತದೆ. 2.4 ಗಿಗಾಹರ್ಟ್ಸ್ ಎಂದರೆ ವೈಫೈ, ಬ್ಲೂಟೂತ್‌ಗಳ ಸಂತೆ. ಖಾಲಿ ಸಭಾಂಗಣದಲ್ಲಿ ಪರೀಕ್ಷಿಸಿದಾಗ ಚೆನ್ನಾಗಿದ್ದ ಮೈಕ್, ಐನೂರು ಜನ ಜೇಬಲ್ಲಿ ಫೋನು ಇಟ್ಟುಕೊಂಡು ಬಂದು ಕೂತ ಮೇಲೆ ತೊದಲುವುದು ಇದರಿಂದ. ತರಗತಿ, ಸಣ್ಣ ಕೋಣೆಗೆ ಅದು ಸಾಕು, ಜನಜಾತ್ರೆಗೆ ನಂಬಲಾಗದು.

ಯುಎಚ್‌ಎಫ್‌ನ ಮೇಲಿನ ಭಾಗ ದೇಶದೇಶಗಳಲ್ಲಿ ಮೊಬೈಲಿನ ಪಾಲಾಗುತ್ತಿದೆ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ಮೈಕುಗಳಿಗೆ 2010ರ ಜೂನ್ 12ರಂದು, 600ರ ಪಟ್ಟಿಯಲ್ಲಿ ಹರಾಜಾದ ಭಾಗದ ಮೈಕುಗಳಿಗೆ 2020ರ ಜುಲೈ 13ರಂದು ಅವಧಿ ಮುಗಿಯಿತು. ಭಾರತದಲ್ಲಿ 700ರ ಪಟ್ಟಿ 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಹೋಯಿತು. ಅಮೆರಿಕದಲ್ಲಿರುವ ನೆಂಟರು ಊರಿನ ದೇವಸ್ಥಾನಕ್ಕೆಂದು ತಂದುಕೊಟ್ಟ ಹಳೆಯ ಸೆಟ್ಟು ಎಷ್ಟೇ ಒಳ್ಳೆಯ ಕಂಪನಿಯದಾದರೂ, ಅದರ ಹಿಂಬದಿಯ ಚೀಟಿಯಲ್ಲಿ ಬರೆದ ಮೆಗಾಹರ್ಟ್ಸ್ ಓದದೆ ಬಳಸುವುದು ಸಲ್ಲ.

ಒಂದಕ್ಕಿಂತ ಹೆಚ್ಚು ಮೈಕು ಬಂದಾಗ ಇನ್ನೊಂದು ಕಾಟ ಸೇರಿಕೊಳ್ಳುತ್ತದೆ, ಇಂಟರ್‌ಮಾಡ್ಯುಲೇಶನ್. ಎರಡು ಪ್ರೇಷಕಗಳು ಹತ್ತಿರವಿದ್ದರೆ ಅವುಗಳ ಬೆರಕೆಯಿಂದ ಮೂರನೆಯ, ನಾಲ್ಕನೆಯ ಫ್ರೀಕ್ವೆನ್ಸಿಗಳು ಹುಟ್ಟುತ್ತವೆ. ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆದರೆ ಸಿಗುವ ಸಂಖ್ಯೆ ಎಲ್ಲಕ್ಕಿಂತ ಉಪದ್ರವಕಾರಿ. ಮೂರು ಮೈಕುಗಳನ್ನು ಅಚ್ಚುಕಟ್ಟಾಗಿರಲಿ ಎಂದು 520.0, 520.5, 521.0ಕ್ಕೆ ಇಟ್ಟರೆ, ಮೊದಲೆರಡರಿಂದ ಹುಟ್ಟುವ ಕೂಸು ನೇರ 521.0ರ ಮೇಲೆಯೇ ಬಂದು ಕೂರುತ್ತದೆ. ಸಮ ಅಂತರವೇ ಇಲ್ಲಿ ಶತ್ರು. ಕಂಪನಿಗಳು ಇದನ್ನೆಲ್ಲ ಲೆಕ್ಕಹಾಕಿ ಗ್ರೂಪ್ ಮತ್ತು ಚಾನೆಲ್ ಎಂಬ ಪಟ್ಟಿ ಮಾಡಿಟ್ಟಿರುತ್ತವೆ. ಒಂದೇ ಗ್ರೂಪಿನ ಬೇರೆ ಬೇರೆ ಚಾನೆಲ್‌ಗಳನ್ನು ಬಳಸಿದರೆ ಜಗಳವಿಲ್ಲ. ಬೇರೆ ಬೇರೆ ಗ್ರೂಪಿನವನ್ನು, ಬೇರೆ ಬೇರೆ ಕಂಪನಿಯವನ್ನು ಕಲಸಿದಲ್ಲಿ ಆ ಲೆಕ್ಕ ಕೆಟ್ಟಿತು. ಆನ್ ಆಗಿರುವ ನಾಲ್ಕು ಮೈಕುಗಳನ್ನು ಸೌದೆಯಂತೆ ಒಟ್ಟಿ ಮೇಜಿನ ಮೇಲಿಡುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು. ಮೊಳದಂತರ ಬಿಟ್ಟರೂ ಎಷ್ಟೋ ಸಮಾಧಾನ.

ಅಳವಡಿಕೆ

ಮೊದಲ ತೀರ್ಮಾನ ರಿಸೀವರ್ ಎಲ್ಲಿಡಬೇಕೆಂಬುದು. ಮಿಕ್ಸರ್ ಇರುವಲ್ಲೇ, ಸಭಾಂಗಣದ ಕೊನೆಯಲ್ಲಿ, ಮೇಜಿನ ಕೆಳಗೆ, ಆಂಪ್ಲಿಫೈಯರ್ ಮೇಲೆ ಇಡುವುದು ಸಾಮಾನ್ಯ. ಇವೆಲ್ಲವೂ ತಪ್ಪು. ಮೈಕ್ ಹಿಡಿದವನಿಗೆ ರಿಸೀವರ್‌ನ ಏರಿಯಲ್ ಕಣ್ಣಿಗೆ ಕಾಣಬೇಕು, ಅದು ಕೂತ ಜನರ ತಲೆಗಿಂತ ಮೇಲಿರಬೇಕು. ನಡುವೆ ಜನರ ಸಾಲೇ ನಿಂತರೆ ಅದು ನೀರಿನ ಗೋಡೆ. ರಿಸೀವರ್ ವೇದಿಕೆಯ ಬದಿಯಲ್ಲಿದ್ದು ಅಲ್ಲಿಂದ ಮಿಕ್ಸರ್‌ಗೆ ಉದ್ದದ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯುವುದು ಲೇಸು. ಧ್ವನಿಗೆ ಉದ್ದದ ತಂತಿಯಿಂದ ನಷ್ಟ ಕಡಿಮೆ. ರೇಡಿಯೊಗೆ ಉದ್ದದ ಗಾಳಿಯಿಂದ ನಷ್ಟ ಹೆಚ್ಚು. ಏರಿಯಲ್‌ಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಹೊರಚಾಚಿ ನಿಲ್ಲಿಸಬೇಕು. ಗೋಡೆಯ ಕಬ್ಬಿಣ, ಎಲ್‌ಇಡಿ ಪರದೆ, ಲ್ಯಾಪ್‌ಟಾಪ್, ವೈಫೈ ಡಬ್ಬಿಗಳಿಂದ ಅವು ದೂರವಿರಲಿ. ಈಚೆಗೆ ಪ್ರತಿ ಸಮಾರಂಭಕ್ಕೂ ಬರುತ್ತಿರುವ ಎಲ್‌ಇಡಿ ಗೋಡೆ ರೇಡಿಯೊ ಕಸವನ್ನು ಧಾರಾಳವಾಗಿ ಎರಚುವ ವಸ್ತು.

ಆಮೇಲೆ ಖಾಲಿ ಫ್ರೀಕ್ವೆನ್ಸಿ ಹುಡುಕುವುದು. ನಮ್ಮ ಮೈಕುಗಳೆಲ್ಲ ಆಫ್ ಆಗಿರಬೇಕು, ಉಳಿದದ್ದೆಲ್ಲ, ಅಂದರೆ ದೀಪ, ಪರದೆ, ಕ್ಯಾಮೆರಾದವರ ನಿಸ್ತಂತು ಸಾಧನ, ಎಲ್ಲವೂ ಆನ್ ಆಗಿರಬೇಕು. ಬೆಳಿಗ್ಗೆ ಎಲ್ಲ ಆರಿರುವಾಗ ಸ್ಕ್ಯಾನ್ ಮಾಡಿ ಸಂಜೆ ಬೈಸಿಕೊಂಡವರು ಬಹಳ ಮಂದಿ. ರಿಸೀವರ್ ತಾನೇ ಸ್ಕ್ಯಾನ್ ಮಾಡುವ ಬಗೆಯದಾದರೆ ಗುಂಡಿ ಒತ್ತಿದರಾಯಿತು. ಅದಿಲ್ಲದಿದ್ದರೆ ಒಂದೊಂದೇ ಚಾನೆಲ್‌ಗೆ ಹೋಗಿ ರೇಡಿಯೊ ದೀಪ ಹೊತ್ತುತ್ತದೆಯೇ ನೋಡಬೇಕು. ನಮ್ಮ ಮೈಕ್ ಆಫ್ ಇದ್ದೂ ದೀಪ ಹೊತ್ತಿದರೆ ಆ ಚಾನೆಲ್ ಬೇರೆಯವರದು. ಆರಿಸಿದ ಚಾನೆಲ್ಲನ್ನು ಮೈಕಿಗೆ ತಿಳಿಸುವುದಕ್ಕೆ ಸಿಂಕ್ ಗುಂಡಿ ಇರುತ್ತದೆ. ಮೈಕಿನ ಸೆಲ್ ಮುಚ್ಚಳ ತೆರೆದು, ಒಳಗಿನ ಚಿಕ್ಕ ಕೆಂಪು ಕಿಟಕಿಯನ್ನು ರಿಸೀವರ್‌ನ ಕಿಟಕಿಗೆ ಒಂದು ಗೇಣು ದೂರದಲ್ಲಿ ಮುಖಾಮುಖಿ ಹಿಡಿದರೆ, ಟಿವಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಸಂದೇಶ ಹೋಗುತ್ತದೆ. ಬಿಸಿಲು ನೇರ ಬೀಳುತ್ತಿದ್ದರೆ ಇದು ಕೈಕೊಡುತ್ತದೆ. ಕೈ ಅಡ್ಡ ಹಿಡಿದರೆ ಸಾಕು. ಕೆಲಸ ಮುಗಿಸಿ ಎರಡೂ ಕಡೆಯ ಸಂಖ್ಯೆ ಒಂದೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಇನ್ನು ಧ್ವನಿಯ ಮಟ್ಟ. ಇಲ್ಲಿ ಮೂರು ಕಡೆ ಗುಬ್ಬಿಗಳಿವೆ: ಮೈಕಿನೊಳಗಿನ ಗೇನ್, ರಿಸೀವರ್‌ನ ಔಟ್‌ಪುಟ್, ಮಿಕ್ಸರ್‌ನ ಗೇನ್. ಮೂರನ್ನೂ ಅಂದಾಜಿಗೆ ತಿರುಗಿಸುವುದರ ಬದಲು ಬಾಯಿಯ ಕಡೆಯಿಂದ ಹೊರಡಬೇಕು. ಮಾತಾಡುವವನೇ, ಅವನು ನಿಜವಾಗಿ ಮಾತಾಡುವಷ್ಟು ಗಟ್ಟಿಯಾಗಿ ಮಾತಾಡಲಿ. ಒನ್ ಟೂ ತ್ರೀ ಎಂದು ತಗ್ಗಿದ ದನಿಯಲ್ಲಿ ಎಣಿಸಿದವನು ರಾತ್ರಿ ಹುಲಿಯಂತೆ ಗರ್ಜಿಸುತ್ತಾನೆ, ನೆನಪಿರಲಿ. ಅತಿ ಗಟ್ಟಿ ದನಿಗೆ ರಿಸೀವರ್‌ನ ಧ್ವನಿದೀಪ ಕೆಂಪಾಗದೆ, ಅದರ ಕೆಳಗಿನ ಹಳದಿಗೆ ತಾಗಿ ಬರುವಂತೆ ಮೈಕಿನ ಗೇನ್ ಇಡುವುದು ಮೊದಲ ಹೆಜ್ಜೆ. ಇಲ್ಲಿ ಒಡೆದ ಧ್ವನಿಯನ್ನು ಮುಂದೆ ಎಲ್ಲೂ ಸರಿಪಡಿಸಲಾಗದು. ಇಲ್ಲಿ ತೀರ ಕಡಿಮೆ ಇಟ್ಟರೆ ಮುಂದೆ ಏರಿಸಿದಾಗ ಸುಯ್ಯೆನ್ನುವುದೂ ಏರುತ್ತದೆ. ಬಳಿಕ ರಿಸೀವರ್‌ನ ಹಿಂದಿರುವ ಮೈಕ್ ಅಥವಾ ಲೈನ್ ಸ್ವಿಚ್ಚನ್ನು ಮಿಕ್ಸರ್‌ನ ತೂತಿಗೆ ಹೊಂದಿಸಬೇಕು. ಲೈನ್ ಮಟ್ಟವನ್ನು ಮೈಕ್ ತೂತಿಗೆ ಕೊಟ್ಟರೆ ಗುಬ್ಬಿ ಸ್ವಲ್ಪ ಸರಿಸಿದರೂ ಧ್ವನಿ ಸಿಡಿಯುತ್ತದೆ. ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್ ಆ ಸಾಲಿಗೆ ಆಫ್ ಇರಲಿ. 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಲೋ ಕಟ್ ಗುಂಡಿ ಒತ್ತಿದರೆ ಕೈ ಸವರಿದ ಗುಡುಗುಡು ಕಡಿಮೆಯಾಗುತ್ತದೆ.

ಕೊನೆಯದು ನಡೆದು ನೋಡುವುದು. ಒಬ್ಬ ಮೈಕ್ ಹಿಡಿದು ಮಾತಾಡುತ್ತಾ ವೇದಿಕೆಯ ಮೂಲೆಮೂಲೆಗೆ, ಮೆಟ್ಟಿಲಿಗೆ, ಮುಖ್ಯ ಅತಿಥಿಗಳು ಕೂರುವ ಸಾಲಿಗೆ ಹೋಗಿ ಬರಬೇಕು. ಇನ್ನೊಬ್ಬ ರಿಸೀವರ್‌ನ ರೇಡಿಯೊ ದೀಪಗಳ ಮೇಲೆ ಕಣ್ಣಿಡಬೇಕು. ಮಾತು ಕಡಿಯುವ ಜಾಗ ಸಿಕ್ಕಿದರೆ ರಿಸೀವರನ್ನು ಅರ್ಧ ಅಡಿ ಸರಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ. ಸಭೆ ತುಂಬಿದ ಮೇಲೆ ವ್ಯಾಪ್ತಿ ಇನ್ನೂ ಕುಗ್ಗುವುದರಿಂದ ಖಾಲಿ ಸಭಾಂಗಣದಲ್ಲಿ ಅಂಚಿನಲ್ಲಿ ಪಾಸಾದ ಜಾಗವನ್ನು ಪಾಸೆಂದು ಎಣಿಸಬಾರದು.

ಹಿಡಿಯುವ ಬಗೆ

ಬಾಯಿಯಿಂದ ದೂರ ಎರಡರಷ್ಟಾದರೆ ಮೈಕಿಗೆ ಸಿಗುವ ಧ್ವನಿ 6 ಡೆಸಿಬೆಲ್ ಕುಗ್ಗುತ್ತದೆ. ಎರಡೂವರೆ ಸೆಂಟಿಮೀಟರ್‌ನಲ್ಲಿದ್ದ ಮೈಕ್ ಹತ್ತಕ್ಕೆ ಸರಿದರೆ 12 ಡೆಸಿಬೆಲ್ ಕಡಿಮೆ, ಅದನ್ನು ಆಂಪ್ಲಿಫೈಯರ್‌ನಿಂದ ತುಂಬಿಕೊಡಬೇಕಾದರೆ ಸುಮಾರು ಹದಿನಾರು ಪಟ್ಟು ಶಕ್ತಿ ಬೇಕು. ವಾಟ್‌ಗಟ್ಟಲೆ ಸ್ಪೀಕರ್ ತರಿಸಿದವರಿಗೆ ಭಾಷಣಕಾರನ ಕೈಯನ್ನು ಎರಡು ಬೆರಳು ಮೇಲಕ್ಕೆತ್ತಿಸುವುದು ಸಾಧ್ಯವಾಗದಿರುವುದು ನಮ್ಮ ಸಭೆಗಳ ವಿಚಿತ್ರ. ಮಾತು ಶುರುಮಾಡುವಾಗ ಗಲ್ಲದ ಬಳಿ ಇದ್ದ ಮೈಕ್ ಹತ್ತು ನಿಮಿಷದಲ್ಲಿ ಎದೆಗೆ, ಇಪ್ಪತ್ತು ನಿಮಿಷದಲ್ಲಿ ಹೊಟ್ಟೆಗೆ ಇಳಿಯುತ್ತದೆ. ಮಾತು ಭಾವಪೂರ್ಣವಾದಾಗ ಆ ಕೈಯೇ ಗಾಳಿಯಲ್ಲಿ ಬೀಸುತ್ತದೆ.

ಮಾತಿಗೆ ಮೂರರಿಂದ ಐದು ಬೆರಳಗಲ ಸಾಕು. ಮೈಕಿನ ತಲೆ ನೇರ ಬಾಯಿಗೆ ಎದುರಾಗದೆ, ಗಲ್ಲದ ಕಡೆಯಿಂದ ಓರೆಯಾಗಿ ಮೇಲಕ್ಕೆ ನೋಡುತ್ತಿದ್ದರೆ ಉಸಿರು ಜಾಲರಿಯ ಮೇಲಿಂದ ಹಾದುಹೋಗುತ್ತದೆ. ಕನ್ನಡದಲ್ಲಿ ಇದು ಮುಖ್ಯ. ಪ, ಬ ಅಕ್ಷರಗಳೇ ಗಾಳಿ ಸಿಡಿಸುತ್ತವೆ, ಅವುಗಳ ಮಹಾಪ್ರಾಣ ಫ, ಭ ಇನ್ನೂ ಜೋರು. ಭಾರತ, ಭಾಷೆ, ಬಂಧುಭಗಿನಿಯರೇ ಎಂದು ಆರಂಭವಾಗುವ ಭಾಷಣದಲ್ಲಿ ಸ್ಪೀಕರ್ ಡಬ್ ಡಬ್ ಎನ್ನುವುದು ಇದರಿಂದ. ತೀರ ಹತ್ತಿರ ಹಿಡಿದರೆ ಕೆಳಸ್ವರ ಉಬ್ಬುವುದೂ ಈ ಬಗೆಯ ಮೈಕಿನ ಸ್ವಭಾವ. ತೆಳು ದನಿಯ ಗಾಯಕಿ ಅದನ್ನು ಉಪಾಯವಾಗಿ ಬಳಸುತ್ತಾಳೆ, ಗಡಸು ದನಿಯ ನಿರೂಪಕನ ಮಾತು ಅದರಿಂದ ಮಸುಕಾಗುತ್ತದೆ.

ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ರ‍್ಯಾಪ್ ಗಾಯಕರಿಂದ ಕಲಿತ ಹೊಸ ಠೀವಿ. ಹಾಗೆ ಹಿಡಿದಾಗ ಬೆನ್ನಿನ ಗಾಳಿಕಂಡಿ ಮುಚ್ಚಿಹೋಗಿ ಮೈಕ್ ತನ್ನ ದಿಕ್ಕಿನ ವಿವೇಕ ಕಳೆದುಕೊಳ್ಳುತ್ತದೆ. ಸುತ್ತಲಿನದೆಲ್ಲ ಒಳಗೆ ನುಗ್ಗಿ ಸ್ಪೀಕರ್ ಕೂಗಲು ತೊಡಗುತ್ತದೆ. ಕೂಗು ಶುರುವಾದಾಗ ಗಾಬರಿಯಿಂದ ಅಂಗೈಯಿಂದ ಮೈಕಿನ ಬಾಯಿ ಮುಚ್ಚುವವರಿದ್ದಾರೆ. ಅದು ಬೆಂಕಿಗೆ ಎಣ್ಣೆ. ಬುಡವನ್ನೂ ಮುಚ್ಚಬಾರದು, ತಲೆಯನ್ನೂ ಮುಚ್ಚಬಾರದು ಎಂದ ಮೇಲೆ ಉಳಿಯುವುದು ನಡು, ಹಿಡಿಯಬೇಕಾದ್ದು ಅಲ್ಲೇ. ಬೆರಳಿನಿಂದ ತಟ್ಟಿ, ಉಫ್ ಎಂದು ಊದಿ ಪರೀಕ್ಷಿಸುವ ಪದ್ಧತಿ ಪೊರೆಗೆ ಹಿಂಸೆ. ಮೈಕ್ ಕೆಲಸ ಮಾಡುತ್ತಿದೆಯೇ ತಿಳಿಯಲು ಮಾತಾಡಿದರೆ ಸಾಕು.

ಮ್ಯೂಟ್ ಗುಂಡಿಗೂ ಆಫ್ ಗುಂಡಿಗೂ ಅಂತರವಿದೆ. ಮ್ಯೂಟ್ ಆದ ಮೈಕ್ ಧ್ವನಿ ಕಳಿಸದಿದ್ದರೂ ತರಂಗವನ್ನು ಬಿಡುತ್ತಲೇ ಇದ್ದು ತನ್ನ ಜಾಗ ಕಾಯುತ್ತದೆ. ಪೂರ್ತಿ ಆಫ್ ಮಾಡಿದರೆ ಆ ಫ್ರೀಕ್ವೆನ್ಸಿ ಖಾಲಿಬಿದ್ದು, ಸ್ಕ್ವೆಲ್ಚ್ ಸಡಿಲವಿದ್ದಲ್ಲಿ ಬೇರೆ ಯಾರೋ ಒಳಗೆ ಬರಬಹುದು. ಕಾರ್ಯಕ್ರಮದ ನಡುವೆ ಮ್ಯೂಟ್, ಮುಗಿದ ಮೇಲೆ ಆಫ್. ಅದೂ ಮಿಕ್ಸರ್‌ನ ಫೇಡರ್ ಇಳಿಸಿದ ಮೇಲೆ. ಎರಡನ್ನೂ ಮರೆತು ಗ್ರೀನ್‌ರೂಮಿಗೆ ಹೋಗಿ ಸಂಘಟಕರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ ಅತಿಥಿಗಳ ಕಥೆ ಪ್ರತಿ ಊರಿನಲ್ಲೂ ಒಂದೊಂದು ಇದೆ. ಎಫ್‌ಎಂ ಮೈಕಿನ ಮಾತನ್ನು ಆ ಫ್ರೀಕ್ವೆನ್ಸಿಗೆ ಹೊಂದಿದ ಯಾವ ರಿಸೀವರ್ ಕೂಡ ಹೊರಗಿನಿಂದ ಕೇಳಬಲ್ಲದು. ಗುಟ್ಟಿನ ಸಭೆಗೆ ಗೂಢಲಿಪಿ ಸೌಲಭ್ಯವಿರುವ ಡಿಜಿಟಲ್ ಮಾದರಿಯೇ ಬೇಕು.

ತೊಂದರೆಗಳು

ಕೆಟ್ಟ ಮೈಕಿನ ಮುಂದೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ರಿಸೀವರ್‌ನಲ್ಲಿ ರೇಡಿಯೊ ದೀಪ ಇದೆಯೇ, ಧ್ವನಿ ದೀಪ ಇದೆಯೇ ಎಂಬುದು. ರೇಡಿಯೊ ದೀಪವೇ ಇಲ್ಲ ಎಂದರೆ ಸೆಲ್ಲು, ಚಾನೆಲ್, ಅಂತರ ಇವುಗಳ ಕಡೆ ನೋಡಬೇಕು. ಮಿಕ್ಸರ್ ಮುಟ್ಟುವುದು ವ್ಯರ್ಥ. ರೇಡಿಯೊ ಇದೆ, ಧ್ವನಿ ಇಲ್ಲ ಎಂದರೆ ಮೈಕ್ ಮ್ಯೂಟ್ ಆಗಿರಬಹುದು, ಕ್ಯಾಪ್ಸೂಲ್ ತಲೆ ಸಡಿಲವಾಗಿರಬಹುದು. ಎರಡೂ ದೀಪ ಆಡುತ್ತಿವೆ, ಸ್ಪೀಕರ್ ಮಾತ್ರ ಮೌನ ಎಂದರೆ ದೋಷ ರಿಸೀವರ್‌ನಿಂದ ಆಚೆ, ಕೇಬಲ್ ಅಥವಾ ಮಿಕ್ಸರ್‌ನಲ್ಲಿ. ಇಷ್ಟು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು.

ಕೂಗುವುದು, ಅಂದರೆ ಫೀಡ್‌ಬ್ಯಾಕ್, ಪೂರ್ತಿ ಧ್ವನಿಯ ದಾರಿಯ ರೋಗ. ಸ್ಪೀಕರ್‌ನಿಂದ ಹೊರಟದ್ದು ಮತ್ತೆ ಮೈಕಿಗೆ ಹೋಗಿ ಸುತ್ತುವುದೇ ಅದರ ಮೂಲ. ತಂತಿಯ ಮೈಕಿಗಿಂತ ಕಾರ್ಡ್‌ಲೆಸ್‌ನಲ್ಲಿ ಇದು ಹೆಚ್ಚು ಕಾಡುವುದಕ್ಕೆ ಕಾರಣ ಸರಳ: ಹಿಡಿದವನು ಸ್ಪೀಕರ್ ಮುಂದೆಯೇ ನಡೆದು ಹೋಗಬಲ್ಲ. ಸ್ಪೀಕರ್‌ಗಳನ್ನು ವೇದಿಕೆಗಿಂತ ಮುಂದೆ, ಜನರ ಕಡೆ ಮುಖಮಾಡಿ ಇಡುವುದು, ಎತ್ತರದಲ್ಲಿಡುವುದು, ಬಳಸದ ಮೈಕುಗಳನ್ನು ಮುಚ್ಚುವುದು ಇದಕ್ಕೆ ಮದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬುದು 2000ದ ಶಬ್ದಮಾಲಿನ್ಯ ನಿಯಮಗಳ ಮಾತು. ಮೈಕಿಗೆ ತಂತಿಯಿಲ್ಲ ಎಂಬುದು ಆ ನಿಯಮಕ್ಕೆ ಅಪವಾದವಲ್ಲ.

ಎಲ್ಲಕ್ಕಿಂತ ಹೆಚ್ಚು ಕಾರ್ಯಕ್ರಮಗಳನ್ನು ಕೆಡಿಸುವುದು ಸೆಲ್ಲು. ಎರಡು ಎಎ ಆಲ್ಕಲೈನ್ ಸೆಲ್ಲುಗಳಲ್ಲಿ ಅನೇಕ ಮಾದರಿಗಳು ಆರೇಳು ಗಂಟೆ ನಡೆಯುತ್ತವೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಅಷ್ಟು ಬಾಳದು. ಚಾರ್ಜ್ ಮಾಡುವ ನಿಕಲ್ ಸೆಲ್ಲಿನ ವೋಲ್ಟೇಜ್ 1.5 ಅಲ್ಲ, 1.2. ಹಾಗಾಗಿ ಮೈಕಿನ ಮಾಪಕದಲ್ಲಿ ಆರಂಭದಲ್ಲೇ ಅರ್ಧ ಮುಗಿದಂತೆ ಕಾಣುತ್ತದೆ. ಕೊನೆಗೆ ಸೂಚನೆಯಿಲ್ಲದೆ ಬೀಳುತ್ತದೆ. ಸೆಲ್ ಬಗೆಯನ್ನು ಮೆನುವಿನಲ್ಲಿ ಹೇಳುವ ಅವಕಾಶವಿದ್ದರೆ ಹೇಳಿಬಿಡಬೇಕು. ಹಳೆಯದೊಂದು ಹೊಸದೊಂದು ಬೆರೆಸಿ ಹಾಕಬಾರದು. ಕಾರ್ಯಕ್ರಮಕ್ಕೆ ಮೊದಲು ಹೊಸ ಸೆಲ್ಲು, ಮಧ್ಯಂತರದಲ್ಲಿ ಒಮ್ಮೆ ಮಾಪಕದ ಕಡೆ ನೋಟ, ಮಿಕ್ಸರ್ ಪಕ್ಕದಲ್ಲಿ ತಂತಿಯ ಮೈಕ್ ಒಂದು ಸಿದ್ಧ: ಅನುಭವಿಗಳು ಇಷ್ಟನ್ನು ಯಾರಿಗೂ ಹೇಳದೆ ಮಾಡಿಕೊಂಡಿರುತ್ತಾರೆ.

ಜಾಲರಿಯನ್ನು ತಿರುಗಿಸಿ ಬಿಚ್ಚಿ, ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು, ಒಳಗಿನ ಸ್ಪಂಜು ಪೂರ್ತಿ ಒಣಗಿದ ಮೇಲೆ ಹಾಕಬಹುದು. ಕ್ಯಾಪ್ಸೂಲಿಗೆ ನೀರು ತಾಗಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಡುವ ಮೈಕಿನಿಂದ ಸೆಲ್ಲು ತೆಗೆದಿಡಬೇಕು. ಒಳಗೇ ಬಿಟ್ಟರೆ ಗೌರಿಹಬ್ಬದ ಹೊತ್ತಿಗೆ ಅದು ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಪುಡಿ ಕಡಿಮೆಯಿದ್ದರೆ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿದರೆ ಸ್ಪ್ರಿಂಗ್ ಉಳಿಯುತ್ತದೆ. ಹಸಿರುಗಟ್ಟಿ ಸವೆದಿದ್ದರೆ ರಿಪೇರಿಯವರ ಹತ್ತಿರ ಸ್ಪ್ರಿಂಗೇ ಬದಲಿಸಬೇಕಾಗುತ್ತದೆ.